ಹುಡುಕಾಟವೂ ಓದೂ: ಕುವೈತಿನ ಓದುಗ ಮತ್ತು ಹಳಗನ್ನಡ ಪಠ್ಯ

ಕುವೈತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಹಳಗನ್ನಡ ಕಾವ್ಯವು ಈಗ ದೂರದ ವಸ್ತುವಲ್ಲ. 1894ರ ಕಿಟ್ಟೆಲ್ ನಿಘಂಟಿನ ಬಿಂಬಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಶರಣರ ವಚನಗಳು ‘ವಚನ ಸಂಚಯ’ದಲ್ಲಿ ಪದವಾರು ಹುಡುಕಲು ದೊರೆಯುತ್ತವೆ. ಊರಿನಿಂದ ಪುಸ್ತಕ ತರಿಸಿಕೊಳ್ಳುವ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಲಾಭವಲ್ಲ. ಆದರೆ ಪಠ್ಯ ಕೈಗೆಟುಕುವುದೂ ಪಠ್ಯವನ್ನು ಓದುವುದೂ ಒಂದೇ ಅಲ್ಲ.

ಅಂತರಜಾಲದ ಓದು ಬಹುಮಟ್ಟಿಗೆ ಹುಡುಕಾಟದ ಓದು. ಹಳಗನ್ನಡವಾದರೋ ಸಂಧಿಯ ಭಾಷೆ. ಕಣ್ ಮತ್ತು ಪನಿ ಸೇರಿ ‘ಕಂಬನಿ’ಯಾದಾಗ ‘ಪನಿ’ ಎಂದು ಹುಡುಕಿದವರಿಗೂ ‘ಕಣ್’ ಎಂದು ಹುಡುಕಿದವರಿಗೂ ಆ ಪದ ಸಿಗುವುದಿಲ್ಲ. ಷಟ್ಪದಿಯಲ್ಲಿ ಪದವೊಂದು ಪಾದದ ಕೊನೆಯಲ್ಲಿ ಒಡೆದು ಮುಂದಿನ ಪಾದಕ್ಕೆ ದಾಟಿದರೂ ಇದೇ ಗತಿ. ಫಲಿತಾಂಶ ಶೂನ್ಯವೆಂದು ಕಂಡ ಮಾತ್ರಕ್ಕೆ ಕವಿ ಆ ಪದವನ್ನು ಬಳಸಿಲ್ಲವೆಂದು ತೀರ್ಮಾನಿಸುವುದು ಅಪಾಯಕರ. ಪದಚ್ಛೇದ ಬಲ್ಲವರಿಗೆ ಹುಡುಕಾಟ ಉಪಕರಣ; ಬಲ್ಲದವರಿಗೆ ಅದು ಸುಳ್ಳು ಸಾಕ್ಷಿ.

ಅಕ್ಷರದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವನ್ನು ಪ್ರತ್ಯೇಕವಾಗಿ ವಿವೇಚಿಸಿದ್ದು ಇಂಥ ಭೇದ ಉಳಿಯಬೇಕೆಂದೇ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ಇದೆ; ಆದರೆ ತಪ್ಪಾಗಿ ‘ಫಾ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದಿದ ಹೆಸರನ್ನು ಪಕ್ಕದಲ್ಲಿ ಸೇರಿಸಬೇಕಾಯಿತು. ಬೆರಳಚ್ಚು ಮಾಡುವವರು ೞಕಾರವನ್ನು ಳಕಾರವಾಗಿಸಿದರೆ ಕತ್ತಿಯೂ ಬಾಳುವೆಯೂ ಒಂದೇ ಆಗುತ್ತವೆ.

ಮೈಸೂರಿನ ವಿದ್ಯಾರ್ಥಿ ಇಂಥ ಸಂದೇಹವನ್ನು ಇನ್ನೊಂದು ಮುದ್ರಣ ತೆರೆದೋ ಗುರುಗಳನ್ನು ಕೇಳಿಯೋ ಪರಿಹರಿಸಿಕೊಳ್ಳಬಹುದು. ಕುವೈತಿನ ಓದುಗರಿಗೆ ಹಲವೊಮ್ಮೆ ತೆರೆಯ ಮೇಲಿನ ಪುಟವೇ ಏಕೈಕ ಪ್ರತಿ. ಪಾಠವೂ ಜಾಲದಲ್ಲೇ ಸಿಗಬಹುದು. ಆದರೆ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾರತದಲ್ಲಿ ಭಾನುವಾರ ಹತ್ತೂವರೆಗೆ ಆರಂಭವಾಗುವ ತರಗತಿ ಅಲ್ಲಿ ಬೆಳಗಿನ ಎಂಟಕ್ಕೆ, ಕೆಲಸದ ಹೊತ್ತಿಗೆ ಬರುತ್ತದೆ. ಉಳಿಯುವುದು ಧ್ವನಿಮುದ್ರಿಕೆ. ಗಮಕಿಯ ರಾಗದಲ್ಲಿ ಪದ ಬಿಡಿಸಿಕೊಳ್ಳುವುದು ಕಿವಿಗೆ ತಿಳಿಯುತ್ತದೆ, ನಿಜ; ಆದರೆ ಧ್ವನಿಮುದ್ರಿಕೆಯನ್ನು ಪ್ರಶ್ನೆ ಕೇಳಲಾಗದು.

ಆದ್ದರಿಂದ ಜಾಲಕ್ಕೆ ಏರುವ ಪಠ್ಯದ ಹೊಣೆ ಮುದ್ರಿತ ಪ್ರತಿಯದಕ್ಕಿಂತ ಹೆಚ್ಚಿನದು. ಯಾವ ಸಂಪಾದಿತ ಆವೃತ್ತಿಯಿಂದ ತೆಗೆದುದು, ಪಾಠಾಂತರಗಳೇನು, ಱ-ೞ ಉಳಿದಿವೆಯೇ ಎಂಬುದು ಪುಟದಲ್ಲೇ ಕಾಣಬೇಕು; ಮೂಲದ ಕೆಳಗೆ ಪದಚ್ಛೇದವಿರಬೇಕು, ಹುಡುಕಾಟ ಅದರಲ್ಲೂ ನಡೆಯಬೇಕು. ಇವಿಷ್ಟೂ ಇಲ್ಲದ ಪುಟ ದೂರದ ಓದುಗರಿಗೆ ಕಾವ್ಯವನ್ನು ತಲುಪಿಸಿದಂತೆ ತೋರುತ್ತದೆ. ತಲುಪುವುದು ಅಕ್ಷರಗಳ ಸಾಲು ಮಾತ್ರ.