‘ಸ್ಪೈರಲ್ ಅಸೆಂಟ್’ ಮತ್ತು ಬೆಂಗಳೂರು ಮೆಟಲ್‌ನ ಬಾಕಿ ಕೆಲಸ

ಬೆಂಗಳೂರಿನ ಹೆವಿ ಮೆಟಲ್ ತಂಡ ಕ್ರಿಪ್ಟೋಸ್‌ನ ಹೆಸರು ಎತ್ತಿದರೆ ಮಾತು ನೇರ 2012ಕ್ಕೆ ಹೋಗಿ ನಿಲ್ಲುತ್ತದೆ. ಆ ವರ್ಷ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ ಹೊರಬಂತು. ಮರುವರ್ಷ ತಂಡ ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಹತ್ತಿತು. ಈ ಎರಡರ ಹೊಳಪಿನಲ್ಲಿ 2004ರ ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬದಿಗೆ ಸರಿದುಹೋಯಿತು. ಬೆಂಗಳೂರಿನ ಮೆಟಲ್ ಪರಂಪರೆಯ ಬಲ ಮತ್ತು ಕೊರತೆ ಎರಡನ್ನೂ ಅರಿಯಬೇಕಾದರೆ ಈಗ ಕೇಳಬೇಕಾದದ್ದು ಅದೇ ಆಲ್ಬಂ.

ಚೊಚ್ಚಲ ಆಲ್ಬಂಗಳಿಗೆ ಈ ಗತಿ ಹೊಸದಲ್ಲ. ಹೆವಿ ಮೆಟಲ್‌ನ ಪವರ್ ಮೆಟಲ್ ಎಂಬ ಉಪಪ್ರಕಾರಕ್ಕೆ ಅಡಿಪಾಯ ಹಾಕಿದ ಹ್ಯಾಂಬರ್ಗ್‌ನ ಹೆಲೋವೀನ್ ತಂಡದ ‘ವಾಲ್ಸ್ ಆಫ್ ಜೆರಿಕೊ’ ಬಂದದ್ದು 1985ರಲ್ಲಿ. ಎರಡು ವರ್ಷದ ನಂತರ ಮೈಕೆಲ್ ಕಿಸ್ಕೆ ಎಂಬ ಹೊಸ ಗಾಯಕನ ಎತ್ತರದ ದನಿಯೊಂದಿಗೆ ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಬಂದಾಗ, ಗಿಟಾರ್ ನುಡಿಸುತ್ತಲೇ ಕಾಯ್ ಹ್ಯಾನ್ಸೆನ್ ಹಾಡಿದ್ದ ಮೊದಲ ಆಲ್ಬಂ ಹಿಂದೆ ಬಿತ್ತು. ಕ್ರೀಫೆಲ್ಡ್‌ನ ಬ್ಲೈಂಡ್ ಗಾರ್ಡಿಯನ್ ತಂಡದ ‘ಬಟಾಲಿಯನ್ಸ್ ಆಫ್ ಫಿಯರ್’ (1988) ಕೂಡ ಹೀಗೆಯೇ. ಆದರೆ ಒಂದು ತಂಡ ಯಾವ ಯಾವ ದಾರಿ ಹಿಡಿಯಬಹುದಿತ್ತು ಎಂಬುದು ಕಾಣುವುದು ಮೊದಲ ಆಲ್ಬಂನಲ್ಲಿ. ಮುಂದಿನವು ಆ ದಾರಿಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳುತ್ತವೆ.

ಕ್ರಿಪ್ಟೋಸ್ ಅನ್ನು ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ್ದು 1998ರಲ್ಲಿ. ಅದಕ್ಕೂ ಮೊದಲೇ ಮಿಲೇನಿಯಂ, ಡೈಯಿಂಗ್ ಎಂಬ್ರೇಸ್ ಮೊದಲಾದ ತಂಡಗಳು ನಗರದಲ್ಲಿ ನೆಲ ಹದಮಾಡಿದ್ದವು. ಕಾಲೇಜು ಉತ್ಸವಗಳು, ಕೈಯಿಂದ ಕೈಗೆ ದಾಟುವ ಕ್ಯಾಸೆಟ್ಟು ಮತ್ತು ಸಿಡಿಗಳು, ರಾಕ್ ಹಾಕುತ್ತಿದ್ದ ಕೆಲವೇ ಪಬ್ಬುಗಳು ಈ ಸಂಗೀತದ ಪಾಠಶಾಲೆಗಳಾಗಿದ್ದವು. ‘ಸ್ಪೈರಲ್ ಅಸೆಂಟ್’ ಬಂದಾಗ ಯೂಟ್ಯೂಬ್ ಹುಟ್ಟಿರಲಿಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಐರನ್ ಮೇಡನ್ ತಂಡ ನುಡಿಸಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಸ್ವಂತ ಹಾಡುಗಳ ಮೆಟಲ್ ಆಲ್ಬಂಗೆ ಮಾರುಕಟ್ಟೆಯೇ ಇಲ್ಲದ ಹೊತ್ತಿನಲ್ಲಿ ಮಾಡಿದ ಕೆಲಸ ಅದು.

ಆಲ್ಬಂನಲ್ಲಿ ಮುಂದಿನವುಗಳ ನುಣುಪಿಲ್ಲ. ತಿರುವುಗಳು ಹೆಚ್ಚು. ಥ್ರ್ಯಾಶ್ ಮೆಟಲ್‌ನ ವೇಗದ ಪಕ್ಕದಲ್ಲೇ ಎಂಬತ್ತರ ದಶಕದ ಬ್ರಿಟಿಷ್ ಹೆವಿ ಮೆಟಲ್‌ನ ರಾಗದ ಮೋಹವಿದೆ. ಒಂದರ ಮೇಲೊಂದು ಎಸೆದ ವಿಚಾರಗಳಲ್ಲಿ ಕೆಲವು ಬೆಳೆಯುವ ಮೊದಲೇ ಮುಗಿಯುತ್ತವೆ. ಆದರೆ ಅವುಗಳ ಹಿಂದಿನ ಹಸಿವು ನಿಜವಾದದ್ದು. ‘ಬರ್ನ್ ಅಪ್ ದಿ ನೈಟ್’ (2016) ಹೊತ್ತಿಗೆ ತಂಡ ನೇರವಾದ, ಬಿಗಿಯಾದ ಹಾಡಿನ ಕಟ್ಟಿಗೆ ಬಂದು ನಿಂತಿತು. ಕುಶಲತೆ ಹೆಚ್ಚಿತು, ಹುಡುಕಾಟ ಕಡಿಮೆಯಾಯಿತು.

ಶುದ್ಧ ಪವರ್ ಮೆಟಲ್ ಎನ್ನಲು ಕ್ರಿಪ್ಟೋಸ್‌ನಲ್ಲಿ ಇಲ್ಲದ್ದು ತೆರೆದ ಗಂಟಲಿನ ಎತ್ತರದ ಗಾಯನ. ಇಲ್ಲಿನ ದನಿ ಒರಟು, ಗಂಟಲು ಕೆರೆಯುವಂಥದ್ದು. ಉಳಿದದ್ದೆಲ್ಲ ಅದೇ ಮನೆತನದ್ದು: ಜೋಡಿ ಗಿಟಾರುಗಳ ಸಮ್ಮೇಳ, ಕುದುರೆಯ ನಾಗಾಲೋಟದಂತೆ ಓಡುವ ತಾಳ. ಈ ಓಟದ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಅಂಗೈ ಅಂಚನ್ನು ತಂತಿಯ ಮೇಲೆ ಒತ್ತಿಟ್ಟು ಒಂದು ಉದ್ದ, ಎರಡು ಗಿಡ್ಡ ಮೀಟು. ಉದ್ದದ್ದಕ್ಕೆ ಗಿಡ್ಡದ ಎರಡರಷ್ಟು ಕಾಲ. ನಮ್ಮ ಛಂದಸ್ಸಿನ ಭಾಷೆಯಲ್ಲಿ ಇದು ಗುರು, ಲಘು, ಲಘು: ಭಗಣ, ನಾಲ್ಕು ಮಾತ್ರೆ. ಕಂದಪದ್ಯ ನಡೆಯುವುದೂ ನಾಲ್ಕು ಮಾತ್ರೆಯ ಗಣಗಳ ಮೇಲೆಯೇ. ಕನ್ನಡ ಈ ಸಂಗೀತಕ್ಕೆ ಒಗ್ಗುವುದಿಲ್ಲ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದರೂ ನಾನು ಕೇಳಿದ ಬೆಂಗಳೂರಿನ ಮುಖ್ಯ ಮೆಟಲ್ ಆಲ್ಬಂಗಳು ಇಂಗ್ಲಿಷಿನವೇ. ಆ ಆಯ್ಕೆಗೆ ಕಾರಣವಿತ್ತು: ಕೇಳುಗರು ದೇಶದ ಎಲ್ಲ ಮೂಲೆಯ ವಿದ್ಯಾರ್ಥಿಗಳು, ಮಾದರಿಗಳೆಲ್ಲ ಯುರೋಪಿನವು. ಆದರೆ 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಂನಲ್ಲೇ ಶಿಶುನಾಳ ಷರೀಫರ ತತ್ವಪದವನ್ನು ರಾಕ್ ವಾದ್ಯಗಳೊಂದಿಗೆ ಹಾಡಿ ಬೇರೆ ದಾರಿ ತೋರಿಸಿದರು. ಅದೇ ಜಾಡಿನಲ್ಲಿ 2009ರಲ್ಲಿ ಸ್ವರಾತ್ಮ ಎಂಬ ಜಾನಪದ-ರಾಕ್ ತಂಡ ತನ್ನ ಚೊಚ್ಚಲ ಆಲ್ಬಂ ತಂದಿತು. ಮೆಟಲ್ ಆ ದಾರಿಗೆ ಬರಲಿಲ್ಲ.

ಈ ಕೊರತೆ ಹೆಚ್ಚು ಚುಚ್ಚುವುದು ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ನಿಂತು ಕೇಳಿದಾಗ. ಪವರ್ ಮೆಟಲ್‌ಗೆ ಬೇಕಾದದ್ದು ಅರಸರು, ಕೋಟೆಗಳು, ಕಾಳಗ, ಮಹಾಕಾವ್ಯದ ಎತ್ತರದ ದನಿ. ಇದೇ ಸೀಮೆಯ ಪಾಮನಕಲ್ಲೂರಿನ ಸುತ್ತ ಇದೆಲ್ಲ ನೆಲದಲ್ಲೇ ಬಿದ್ದಿದೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನ, ಬೇರೆ ಶಾಸನಗಳಲ್ಲಿ ಬಿರುದಿನಿಂದಷ್ಟೇ ಕಾಣುತ್ತಿದ್ದ ‘ದೇವಾನಾಂಪ್ರಿಯ’ನಿಗೆ ಅಶೋಕನೆಂಬ ಹೆಸರನ್ನು ಜೋಡಿಸಿತು. 1520ರ ರಾಯಚೂರು ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳಿಗೆ ವಿಜಯನಗರದ ಮುಂಚೂಣಿ ಚದುರಿತು. ಆಗ ಕೃಷ್ಣದೇವರಾಯ ತಾನೇ ಮುನ್ನುಗ್ಗಿ ಸೋಲನ್ನು ಗೆಲುವಾಗಿಸಿದ.

ದನಿಯೂ ಇಲ್ಲೇ ಇದೆ. ಇಲ್ಲಿನ ಬಯಲಾಟವಾದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ತೊಟ್ಟ ಪಾತ್ರಧಾರಿ ಹಲಗೆಯ ಅಟ್ಟ ಅದುರುವಂತೆ ಹೆಜ್ಜೆ ಹಾಕಿ ಬಂದು, ಸಾರಥಿಯ ಪ್ರಶ್ನೆಗೆ ಉತ್ತರವಾಗಿ ತನ್ನ ಕುಲ, ಬಲ, ಬಿರುದು ಸಾರುತ್ತಾನೆ. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೂ ಮುಟ್ಟಬೇಕಿದ್ದ ಕಂಠ ಅದು. ಪವರ್ ಮೆಟಲ್ ಗಾಯಕ ಹುಡುಕುವ ಎತ್ತರವೂ ಅದೇ. ಮೊಹರಂ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಒಟ್ಟಿಗೆ ಹಾಕುವ ಹೆಜ್ಜೆಗೆ ಹಲಗೆ ವಾದ್ಯ ಕೊಡುವ ಪೆಟ್ಟು ಯಾವ ಡಬಲ್ ಬೇಸ್ ಡ್ರಮ್ಮಿಗೂ ಕಡಿಮೆಯಲ್ಲ.

ಇದನ್ನು ಹೇಳುವುದು ಗಿಟಾರಿಗೆ ಒಂದಿಷ್ಟು ಜಾನಪದ ಅಂಟಿಸಿ ಎಂಬ ಸಲಹೆಯಾಗಿ ಅಲ್ಲ. ಹಾಗೆ ಅಂಟಿಸಿದ್ದು ಬೇಗ ಕಳಚಿಕೊಳ್ಳುತ್ತದೆ. ಹೆಲೋವೀನ್‌ನವರು ಬ್ರಿಟನ್ನಿನ ಸಂಗೀತ ಕಲಿತು ಅದಕ್ಕೆ ತಮ್ಮದೇ ಚಹರೆ ಕೊಟ್ಟರು. ಬೆಂಗಳೂರಿನ ತಂಡಗಳು ಮೊದಲರ್ಧವನ್ನು ಪ್ರಾಮಾಣಿಕವಾಗಿ ಮುಗಿಸಿವೆ, ‘ಸ್ಪೈರಲ್ ಅಸೆಂಟ್’ ಅದಕ್ಕೆ ಸಾಕ್ಷಿ. ಉಳಿದರ್ಧವನ್ನು ಬೆಂಗಳೂರೇ ಮಾಡಬೇಕೆಂದಿಲ್ಲ. ದೊಡ್ಡಾಟ ಕೇಳಿ ಬೆಳೆದ ಮಸ್ಕಿ ಸೀಮೆಯ ಹುಡುಗ ಹುಡುಗಿಯರಿಗೆ ಒಂದು ಗಿಟಾರು, ಒಂದು ಆಂಪ್ಲಿಫೈಯರು ಸಿಕ್ಕರೆ, ಕನ್ನಡದ ಮೊದಲ ದೊಡ್ಡ ಪವರ್ ಮೆಟಲ್ ಆಲ್ಬಂ ಬರೆಯುವ ಹಕ್ಕು ಎಲ್ಲರಿಗಿಂತ ಮೊದಲು ಅವರದು.