ಕೊಳಗಕ್ಕೆ ದಶಮಾಂಶ ಎಲ್ಲಿಂದ ಬಂತು?

ಹಾಸನ ಸೀಮೆಯ ಹೊಯ್ಸಳ ಕಾಲದ ದತ್ತಿಶಾಸನಗಳ ಮೇಲೆ ಬರುವ ಲೇಖನಗಳಲ್ಲಿ ಈಚೆಗೆ ಒಂದು ಅಭ್ಯಾಸ ಗಟ್ಟಿಯಾಗುತ್ತಿದೆ. ಕಲ್ಲಿನಲ್ಲಿ ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕೊಳಗ ಎಂದಿರುತ್ತದೆ. ಲೇಖನದ ಕೊನೆಯ ಕೋಷ್ಟಕಕ್ಕೆ ಬರುವಷ್ಟರಲ್ಲಿ ಅದು ಎಕರೆಯಾಗಿ, ಮೇಲೆ ಎರಡು ದಶಮಾಂಶವನ್ನೂ ಹೊತ್ತು ಕೂತಿರುತ್ತದೆ. ಆ ದಶಮಾಂಶ ಯಾವ ಲೆಕ್ಕದಿಂದ ಬಂತು, ಅದರಲ್ಲಿ ಎಷ್ಟು ತಪ್ಪಿರಬಹುದು ಅಂತ ಯಾರೂ ಹೇಳೋದಿಲ್ಲ. ಈ ಟಿಪ್ಪಣಿ ಅದರ ಬಗ್ಗೆ.

ಮೊದಲು ಅಳತೆಯ ಸ್ವಭಾವ ನೋಡೋಣ. ಸಲಗೆ, ಕೊಳಗ, ಖಂಡುಗ ಇವು ಮೂಲತಃ ಧಾನ್ಯ ಅಳೆಯುವ ಮಾನಗಳು. ಭೂಮಿಗೆ ಹೇಳಿದಾಗ ಅಷ್ಟು ಬೀಜ ಹಿಡಿಯುವ ನೆಲ ಎಂದರ್ಥ. ಸಾಲಗಾಮೆ ಹೋಬಳಿ ಕಡೆಯ ಹಿರಿಯರ ಬಾಯಲ್ಲಿ ‘ಖಂಡುಗ ಬೀಜವರಿ ಗದ್ದೆ’ ಅನ್ನೋ ಮಾತಿಗೆ ಇರುವ ಅರ್ಥವೂ ಇದೇ. ಖಂಡುಗಕ್ಕೆ ಇಪ್ಪತ್ತು ಕೊಳಗ, ಅದು ಸರಿ. ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರಿಂದ ಊರಿಗೆ ಬೇರೆ. ಭತ್ತದ ಬೀಜ ಹಿಡಿಯುವ ನೆಲವೇ ಬೇರೆ, ಅಷ್ಟೇ ರಾಗಿ ಹಿಡಿಯುವ ನೆಲವೇ ಬೇರೆ. ರಾಗಿ ತೆಳ್ಳಗೆ ಬೀಳುತ್ತೆ, ಬಹಳ ದೂರ ಹೋಗುತ್ತೆ. ಕೆರೆ ಕೆಳಗಿನ ಮಣ್ಣಿಗೂ ದಿಣ್ಣೆಯ ಮಣ್ಣಿಗೂ ಹಾಗೇ. ಆದ್ದರಿಂದ ಒಂದು ಕೊಳಗ ಎಂದರೆ ಇಷ್ಟು ಗುಂಟೆ ಎಂದು ಇಡೀ ಜಿಲ್ಲೆಗೆ, ಎರಡು ಶತಮಾನಕ್ಕೆ ಒಂದೇ ಸಂಖ್ಯೆ ಹಾಕಿದರೆ ಅದನ್ನು ಪರಿವರ್ತನೆ ಅನ್ನಲಾಗದು, ಊಹೆ ಅನ್ನಬೇಕು. ಊಹೆ ತಪ್ಪಲ್ಲ, ಅದನ್ನು ಊಹೆ ಎಂದು ಹೇಳದಿರುವುದು ತಪ್ಪು.

‘ಹಾಗಾದರೆ ಗಳೆಯಿಂದ ಅಳೆದ ಮತ್ತರು ನಂಬಬಹುದಲ್ಲ’ ಅಂತ ಕೇಳಬಹುದು. ಸ್ವಲ್ಪ ಹೆಚ್ಚು ನಂಬಬಹುದು. ಗಳೆ ಒಂದೇ ಅಲ್ಲ ಅನ್ನೋದು ಶಾಸನಕಾರರಿಗೂ ಗೊತ್ತಿತ್ತು. ಅದಕ್ಕೇ ಭೇರುಂಡ ಗಳೆಯಂಥ ಹೆಸರು ಹೇಳಿ, ಕೆಲವೆಡೆ ಎಷ್ಟು ಗೇಣಿನ ಕೋಲು ಎಂಬುದನ್ನೂ ಹೇಳುತ್ತಾರೆ. ಈಗ ಹದಿನೆಂಟು ಗೇಣಿನ ಕೋಲನ್ನು ತೆಗೆದುಕೊಳ್ಳಿ. ಗೇಣು 9 ಅಂಗುಲವಾದರೆ ಕೋಲು ಹದಿಮೂರೂವರೆ ಅಡಿ. ಎಂಟೂವರೆ ಅಂಗುಲವಾದರೆ ಮುಕ್ಕಾಲು ಅಡಿ ಕಡಿಮೆ. ವಿಸ್ತೀರ್ಣದಲ್ಲಿ ಈ ವ್ಯತ್ಯಾಸ ವರ್ಗವಾಗಿ ಬೆಳೆದು ಸುಮಾರು ಶೇ. 11 ಆಗುತ್ತದೆ. ಅಂದರೆ ಅರ್ಧ ಅಂಗುಲದ ಅನುಮಾನ ನಮ್ಮ ಮೊದಲ ದಶಮಾಂಶವನ್ನೇ ಅಳಿಸಿಹಾಕಬಲ್ಲದು.

ಬಲಗಡೆಯ ಅಳತೆ, ಅಂದರೆ ನಾವು ಪರಿವರ್ತಿಸಿಕೊಳ್ಳುವ ಎಕರೆ-ಗುಂಟೆಯೂ ನಾವು ತಿಳಿದಷ್ಟು ಬಿಗಿಯಾದದ್ದಲ್ಲ. ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾದ ಕಂದಾಯ ಮೋಜಣಿ ಮುಂಬಯಿ ಪದ್ಧತಿಯದು: 33 ಅಡಿ ಸರಪಳಿ, ಅದಕ್ಕೆ 16 ಆಣೆ, ಒಂದು ಸರಪಳಿಯ ಚೌಕಕ್ಕೆ ಒಂದು ಗುಂಟೆ. ಒಂದು ಆಣೆ ಎಂದರೆ ಸುಮಾರು ಇಪ್ಪತ್ತೈದು ಅಂಗುಲ. ಉದ್ದ ಅಗಲ ಎರಡರಲ್ಲೂ ಅರ್ಧರ್ಧ ಆಣೆ ಒಂದೇ ಕಡೆಗೆ ತಪ್ಪಿದರೆ ಒಂದು ಎಕರೆ ಚೌಕದಲ್ಲಿ ಶೇ. 1ರಷ್ಟು ವ್ಯತ್ಯಾಸ, ಒಂದು ಗುಂಟೆ ತುಂಡಿನಲ್ಲಿ ಅದೇ ಅರ್ಧ ಆಣೆ ಶೇ. 6 ದಾಟುತ್ತದೆ. ಎಳೆದೆಳೆದು ಸರಪಳಿ 3 ಅಂಗುಲ ಹಿಗ್ಗಿದ್ದರೆ ಎಲ್ಲ ಹೊಲವೂ ಶೇ. 1.5ರಷ್ಟು ಚಿಕ್ಕದಾಗಿ ದಾಖಲಾಗುತ್ತದೆ. ಮೊದಲನೆಯ ತಪ್ಪು ಹೊಲದಿಂದ ಹೊಲಕ್ಕೆ ಹೆಚ್ಚೋ ಕಮ್ಮಿಯೋ ಆಗಿ ಸರಿದೂಗಬಹುದು, ಎರಡನೆಯದು ಎಂದೂ ಸರಿದೂಗದು. ಕೋಲಿನ ಉದ್ದ ತಪ್ಪಾಗಿ ಹಿಡಿದ ನಮ್ಮ ಕೋಷ್ಟಕದ ತಪ್ಪು ಈ ಎರಡನೆಯ ಜಾತಿಯದು: ನೂರು ಶಾಸನ ಸೇರಿಸಿದರೂ ಕರಗೋದಿಲ್ಲ.

ಇಷ್ಟು ಅನಿಶ್ಚಿತತೆ ಇಟ್ಟುಕೊಂಡೂ ಆ ಕಾಲದವರು ದತ್ತಿ ಹೇಗೆ ನಡೆಸಿದರು? ಉತ್ತರ ಅದೇ ಕಲ್ಲಿನಲ್ಲಿದೆ. ಮೂಡಲು ಹಳ್ಳ, ತೆಂಕಲು ನಟ್ಟ ಕಲ್ಲು, ಪಡುವಲು ಕೆರೆಯ ಏರಿ, ಬಡಗಲು ದಾರಿ ಎಂಬ ಬಗೆಯಲ್ಲಿ ಸೀಮೆ ಹೇಳಿ, ವಾಮನಮುದ್ರೆಯ ಕಲ್ಲನ್ನೋ ಲಿಂಗಮುದ್ರೆಯ ಕಲ್ಲನ್ನೋ ಮುಕ್ಕೊಡೆಯ ಕಲ್ಲನ್ನೋ ನಿಲ್ಲಿಸುತ್ತಿದ್ದರು. ಸಲಗೆಯ ಸಂಖ್ಯೆ ಅಂದಾಜು ಹೇಳುತ್ತಿತ್ತು, ಸೀಮೆ ನೆಲ ತೋರಿಸುತ್ತಿತ್ತು. ಇವತ್ತಿನ ಕೋರ್ಟುಗಳೂ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯ ಮಾತನ್ನೇ ಎತ್ತಿಹಿಡಿಯುತ್ತವೆ.

ನಮ್ಮ ಓದಿನಲ್ಲಿ ಇದು ತಲೆಕೆಳಗಾಗಿದೆ. ಇದಕ್ಕೆ ಒಂದು ಪಾಲು ಕಾರಣ ರೈಸ್. 1902ರ ಎಪಿಗ್ರಾಫಿಯಾ ಕರ್ನಾಟಿಕಾ ಐದನೇ ಸಂಪುಟ ಇಲ್ಲದಿದ್ದರೆ ಹಾಸನ ಜಿಲ್ಲೆಯ ಅಧ್ಯಯನವೇ ಇರುತ್ತಿರಲಿಲ್ಲ, ಆ ಋಣ ಒಪ್ಪಿಕೊಂಡೇ ಹೇಳುತ್ತೇನೆ. ಅವರ ಇಂಗ್ಲಿಷ್ ಅನುವಾದದಲ್ಲಿ ಸೀಮಾವಿವರ ಬಂದಾಗ ಎಷ್ಟೋ ಕಡೆ ‘ಇಲ್ಲಿ ಎಲ್ಲೆಗಳ ವಿವರ’ ಎಂಬರ್ಥದ ಒಂದು ಸಾಲು ಹಾಕಿ ಮುಂದೆ ಹೋಗುತ್ತಾರೆ. ಅನುವಾದ ಮಾತ್ರ ಓದಿದವರಿಗೆ ಸಂಖ್ಯೆ ಸಿಗುತ್ತದೆ, ನೆಲ ಸಿಗೋದಿಲ್ಲ. ರೈಸರಿಗೆ ಕಾಲವೂ ಕಾಗದವೂ ಕಡಿಮೆಯಿತ್ತು. ನಮಗೆ ಆ ನೆಪ ಇಲ್ಲ.

ಇದು ಬರೀ ಪಂಡಿತರ ಜಗಳ ಅಲ್ಲ. ದೇವಸ್ಥಾನದ ಜಮೀನು ಎಷ್ಟಿತ್ತು ಅನ್ನೋ ಪ್ರಶ್ನೆ ಹಳ್ಳಿಗಳಲ್ಲಿ ಇನ್ನೂ ಬಿಸಿ ಇದೆ. ಪ್ರಕಟವಾದ ಲೇಖನದ ‘ಇಷ್ಟು ಎಕರೆ ಇಷ್ಟು ಗುಂಟೆ’ಯನ್ನು ಯಾರಾದರೂ ಅರ್ಜಿಗೆ ಲಗತ್ತಿಸಿದರೆ, ಮೂರು ತಲೆಮಾರಿನಿಂದ ಉಳುತ್ತಿರುವ ರೈತನ ಎದುರು ನಿಲ್ಲೋದು ಶಾಸನವಲ್ಲ, ನಮ್ಮ ಕ್ಯಾಲ್ಕುಲೇಟರು.

ಕೊನೆಗೆ ನಮ್ಮ ಮನೆಯ ಕಸ. ಶಾಸನ ಸಿಕ್ಕ ಜಾಗಕ್ಕೆ ಆರು ದಶಮಾಂಶದ ಅಕ್ಷಾಂಶ ರೇಖಾಂಶ ಹಾಕುತ್ತೇವೆ. ಆರನೇ ದಶಮಾಂಶ ಎಂದರೆ ಸುಮಾರು 11 ಸೆಂ.ಮೀ. ಕೈಯಲ್ಲಿರುವ ಮೊಬೈಲು ಬಯಲಿನಲ್ಲೇ ಕೆಲವು ಮೀಟರು ತಪ್ಪುತ್ತದೆ, ಮರದ ಕೆಳಗೆ ಇನ್ನೂ ಹೆಚ್ಚು. ಆ ಕಲ್ಲನ್ನು ಗುಡಿ ಜೀರ್ಣೋದ್ಧಾರದಲ್ಲೋ ರಸ್ತೆ ಅಗಲ ಮಾಡುವಾಗಲೋ ಎಬ್ಬಿಸಿ ತಂದು ನಿಲ್ಲಿಸಿದ್ದರೆ ಆ ಬಿಂದು ಎಲ್ಲೆಗೆ ಸಾಕ್ಷಿಯೇ ಅಲ್ಲ.

ಮಾಡಬೇಕಾದ್ದು ಕಷ್ಟವಲ್ಲ. ಮೂಲ ಮಾನವನ್ನೇ ಮೊದಲು ಕೊಡಿ. ಎಕರೆ ಹೇಳಲೇಬೇಕಾದರೆ ಇಷ್ಟರಿಂದ ಇಷ್ಟು ಎಂದು ವ್ಯಾಪ್ತಿ ಹೇಳಿ, ಯಾವ ಬೀಜ, ಯಾವ ಕೋಲು ಹಿಡಿದಿರಿ ಎಂದು ಬರೆಯಿರಿ. ಸೀಮಾವಿವರ ಒಂದಕ್ಷರ ಬಿಡದೆ ಕೊಡಿ. ಕಲ್ಲು ಇದ್ದಲ್ಲೇ ಇದೆಯೋ ಬಂದು ನಿಂತದ್ದೋ ಊರವರನ್ನು ಕೇಳಿ ದಾಖಲಿಸಿ. ಇಷ್ಟು ಮಾಡಿದರೆ ನಮ್ಮ ಕೋಷ್ಟಕಗಳು ಸ್ವಲ್ಪ ಮಸುಕಾಗುತ್ತವೆ, ಆದರೆ ಅವುಗಳಲ್ಲಿ ಇರುವಷ್ಟನ್ನು ನಂಬಬಹುದು.