ಗಾಜಿನ ತೊಟ್ಟಿಯಲ್ಲಿ ಕಡಲು

ಕೃಷ್ಣೆಯ ಹಿನ್ನೀರು ಸಮೀಪದಲ್ಲಿದ್ದರೂ ಎರೆಭೂಮಿಯ ಬಿಸಿಲಿನಲ್ಲಿಯೇ ಬಾಳುವ ಮುಳವಾಡದಂತಹ ಊರಿನಲ್ಲಿ, ಕಡಲನ್ನು ಕಂಡರಿಯದ ಮಕ್ಕಳಿಗೆ ಹಿಂದೂ ಮಹಾಸಾಗರದ ನೀಲಿ ಮೀನೊಂದನ್ನು ಮನೆಯಲ್ಲಿಯೇ ತೋರಿಸಬೇಕೆಂಬ ಅಭಿಲಾಷೆ ಹುಟ್ಟುವುದು ಸಹಜವೇ. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಈ ಸಾಕಣೆ ನಮ್ಮಲ್ಲಿ ನಡೆದುಬಂದಿರುವ ಕ್ರಮದಲ್ಲಿ ಒಂದು ಮೂಲದೋಷವಿದೆ: ಮೀನಿಗೆ ರೋಗ ಬಂದ ಮೇಲೆ ಔಷಧವನ್ನು ಅರಸುತ್ತೇವೆಯೇ ಹೊರತು, ರೋಗಕ್ಕೆ ಎಡೆಗೊಟ್ಟ ಅದರ ಕಳವಳವನ್ನು ವಿಚಾರಿಸುವುದಿಲ್ಲ.

ಬಂಧುಗಳೊಬ್ಬರ ಪಡಸಾಲೆಯಲ್ಲಿ ನಾನು ಕಂಡ ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನು ಅಂತಹದು. ಬಾಲದ ಬುಡದಲ್ಲಿ ಶಸ್ತ್ರವೈದ್ಯನ ಅಲಗಿನಂತಹ ಮುಳ್ಳುಳ್ಳ ಈ ಕುಲದ ಮೀನುಗಳಲ್ಲಿ ಇದರಷ್ಟು ಬೇಗ ಬಿಳಿ ಚುಕ್ಕೆ ರೋಗಕ್ಕೆ ಈಡಾಗುವುದು ವಿರಳ. ಪ್ಲಾಸ್ಟಿಕ್ ಚೀಲದಲ್ಲಿ ದೂರ ಪ್ರಯಾಣ ಮಾಡಿ ಬಂದ ಅದನ್ನು ಅದೇ ಸಂಜೆ ಹೊಸ ತೊಟ್ಟಿಗೆ ಬಿಟ್ಟಿದ್ದರು. ಮೂರನೆಯ ದಿನ ನಾನು ನೋಡಿದಾಗ ಅದು ಕಲ್ಲಿಗೆ ಮೈಯುಜ್ಜುತ್ತ, ಕಿವಿರುಗಳನ್ನು ಅತಿವೇಗವಾಗಿ ಬಡಿಯುತ್ತ, ರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತಹ ಚುಕ್ಕೆಗಳನ್ನು ಹೊತ್ತು ಮೂಲೆಯಲ್ಲಿ ನಿಂತಿತ್ತು.

ಕಡಲಮೀನಿನ ದೇಹದ್ರವಕ್ಕಿಂತ ಸುತ್ತಲಿನ ನೀರು ಬಹು ಹೆಚ್ಚು ಉಪ್ಪಾದುದರಿಂದ ಅದರ ಮೈಯ ನೀರು ಎಡೆಬಿಡದೆ ಹೊರಕ್ಕೆ ಜಿನುಗುತ್ತಿರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಲವಣವನ್ನು ಕಿವಿರುಗಳಿಂದ ಹೊರದೂಡಬೇಕು. ನೀರಿನಲ್ಲಿದ್ದೂ ನೀರಿಗಾಗಿ ನಡೆಯುವ ಈ ನಿರಂತರ ಪರಿಶ್ರಮವು ಭಯದಿಂದಲೂ ಅಮೋನಿಯದಿಂದಲೂ ತಾಪದ ಏರಿಳಿತದಿಂದಲೂ ಕುಂಠಿತವಾದರೆ, ಮೈಯನ್ನು ಕಾಯುವ ಲೋಳೆಪೊರೆ ಕ್ಷೀಣಿಸಿ, ಬಿಳಿ ಚುಕ್ಕೆ ರೋಗವನ್ನು ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರೋಪಜೀವಿಗೆ ಹಾದಿಯಾಗುತ್ತದೆ. ಕೆಲವು ದಿನಗಳಲ್ಲಿ ಚುಕ್ಕೆಗಳು ಮಾಯವಾದುವೆಂದು ಮನೆಯವರು ಸಂತೋಷಪಟ್ಟರು. ಆದರೆ ಮೀನಿನ ಮೈಯಿಂದ ಕಳಚಿಕೊಂಡ ಆ ಜೀವಿಗಳು ತಳದ ಮರಳಿನಲ್ಲಿ ಕೋಶ ಕಟ್ಟಿಕೊಂಡು, ಒಂದು ನೂರಾರಾಗಿ ಮರಳುವುದಕ್ಕೆ ಸಿದ್ಧವಾಗುತ್ತಿದ್ದುವು. ವಾರ ಕಳೆಯುವಷ್ಟರಲ್ಲಿ ಮೀನು ಸತ್ತಿತು.

ಇದರಲ್ಲಿ ದೈವದ ಪಾತ್ರಕ್ಕಿಂತ ಅವಸರದ ಪಾತ್ರ ದೊಡ್ಡದು. ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಗಳು ಹೊಸ ತೊಟ್ಟಿಯಲ್ಲಿ ನೆಲೆಯೂರುವುದಕ್ಕೆ ನಾಲ್ಕಾರು ವಾರಗಳು ಬೇಕು; ಹೊಸ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿ ತಿಂಗಳ ಕಾಲವಾದರೂ ಇರಿಸಿ ಪರೀಕ್ಷಿಸಬೇಕು. ತಾಮ್ರದ ಔಷಧವನ್ನೂ ಅಲ್ಲಿಯೇ ಪ್ರಯೋಗಿಸತಕ್ಕದ್ದು, ಏಕೆಂದರೆ ಸಿಗಡಿ, ಹವಳಗಳಿಗೆ ಅದು ವಿಷ. ದಿನವಿಡೀ ಪಾಚಿಯನ್ನು ಮೇಯುವ ಪ್ರಾಣಿಗೆ ಹೊತ್ತಿಗೊಂದು ಚಿಟಿಕೆ ಒಣ ಆಹಾರವೂ ಸಾಲದು.

ನಮ್ಮ ಸೀಮೆಯ ಕಷ್ಟವಾದರೋ ಬೇರೆಯೇ. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ದಾಟುವ ಸೆಖೆಯಲ್ಲಿ ನೀರು ಆವಿಯಾದರೂ ಲೀಟರಿಗೆ ಸುಮಾರು 35 ಗ್ರಾಮಿನಷ್ಟಿರಬೇಕಾದ ಉಪ್ಪು ಹಿಂದೆಯೇ ಉಳಿದು ಗಾಢವಾಗುತ್ತದೆ. ಬೆಚ್ಚಗಾದ ನೀರಿನಲ್ಲಿ ಪ್ರಾಣವಾಯು ಕಡಮೆ, ಅದರ ಮೇಲೆ ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಸುರಿದು ಮಟ್ಟ ತುಂಬಿಸುವವರು ಬೇಡದ ಲವಣಗಳನ್ನೇ ಕೂಡಿಸುತ್ತಾರೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನು ನೀರೂ ಬ್ಯಾಟರಿಯಿಂದ ನಡೆಯುವ ಒಂದು ಗಾಳಿಪಂಪೂ, ಅಂಗಡಿಯ ಹತ್ತು ಬಗೆಯ ಔಷಧಗಳಿಗಿಂತ ಇಲ್ಲಿ ಹೆಚ್ಚು ಉಪಕಾರಿಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಟ್ಯಾಂಗ್ ಮೀನನ್ನು ಹೊಸಬರು ಸಾಕಲೇಬಾರದೆಂದೂ ನಾನು ಹೇಳುವೆನು; ಅವರಿಗೆ ಕ್ಲೌನ್ ಮೀನೇ ತಕ್ಕುದು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಹುಟ್ಟಿನಿಂದಲೇ ಗಾಜಿನ ಗೋಡೆಯನ್ನು ಬಲ್ಲ ಮರಿಗೆ, ಹವಳದ ದಿಬ್ಬದಿಂದ ಹಿಡಿದು ತಂದ ಮೀನಿನಷ್ಟು ದಿಗಿಲಿಲ್ಲ.

ಆ ಬಂಧುಗಳ ತೊಟ್ಟಿ ಈಗ ಮೀನಿಲ್ಲದೆ ನಡೆಯುತ್ತಿದೆ. ಆಶ್ರಯ ದೊರೆಯದೆ ಪರೋಪಜೀವಿ ನಶಿಸಲೆಂದು ಹನ್ನೊಂದು ವಾರ ಹಾಗೆಯೇ ಬಿಡಬೇಕೆಂದು ಗೊತ್ತುಮಾಡಿಕೊಂಡಿದ್ದಾರೆ. ಗಾಜಿನ ಮೇಲೆ ಮಸಿಯಿಂದ ಒಂದು ಗೆರೆ ಎಳೆದಿದ್ದಾರೆ. ಮನೆಯ ಹುಡುಗಿ ದಿನವೂ ಬೆಳಗ್ಗೆ ಕ್ಯಾನಿನಿಂದ ಲೋಟದಲ್ಲಿ ನೀರು ಮೊಗೆದು, ಆ ಗೆರೆ ಮುಟ್ಟುವವರೆಗೆ ಮೆಲ್ಲನೆ ಸುರಿಯುತ್ತಾಳೆ.